ಜಿಪ್ ಇದ್ದರೆ ವಿಜ್ಞಾನ, ಲಾಡಿ ಇದ್ದರೆ ಮಾಯೆ

ಟೇಪಣ್ಣ ಕೆಟ್ಟವನಲ್ಲ, ಸೋಮಾರಿಯಲ್ಲ, ಜಗಳಗಂಟನಂತೂ ಅಲ್ಲವೇ ಅಲ್ಲ. ಅವನಿಗಿದ್ದದ್ದು ಒಂದೇ ಚಟ. ಯಾರು ಏನು ಕೇಳಿದರೂ ಉತ್ತರ ಕೊಟ್ಟೇ ತೀರಬೇಕು. ಉತ್ತರ ಮೊದಲೇ ಗೊತ್ತಿರಬೇಕು ಎಂಬ ಹಟವೇನೂ ಅವನಿಗಿರಲಿಲ್ಲ. ಹೊಲಿಗೆ ಅಂಗಡಿ ಎಂದರೆ ಹಾಗೆಯೇ. ಜನ ಬಂದು ಕೈ ಅಗಲಿಸಿ ನಿಲ್ಲುತ್ತಾರೆ, ಅಳತೆ ಮುಗಿಯುವ ತನಕ ಸುಮ್ಮನಿರಲಾರದೆ ಏನಾದರೊಂದು ಕೇಳುತ್ತಾರೆ. ಮಂಡಿನೋವಿಗೆ ಯಾವ ಮದ್ದು, ಮಗನಿಗೆ ಯಾವ ಕೋರ್ಸು, ಗೋಡೆಯ ತೇವಕ್ಕೆ ಯಾವ ಬಣ್ಣ, ಎಲ್ಲಕ್ಕೂ ಟೇಪಣ್ಣ ಗಿರಾಕಿಯ ಸೊಂಟ ಹಿಡಿದುಕೊಂಡೇ ಪರಿಹಾರ ಹೇಳುತ್ತಿದ್ದ. ಅಳೆಯುವಾಗ ಬಿಟ್ಟರೆ ಅಳತೆ ಟೇಪು ಅವನ ಕೊರಳಿನಿಂದ ಇಳಿದದ್ದನ್ನು ಕಂಡವರಿಲ್ಲ. ಹಾಗಾಗಿ ಇಡೀ ಬೀದಿ ಅವನ ಸ್ವಂತ ಹೆಸರು ಮರೆತು ಟೇಪಣ್ಣ ಎಂದೇ ಕರೆಯುತ್ತಿತ್ತು. ಅವನ ಹೊಲಿಗೆಯಲ್ಲಿ ಯಾರೂ ಕುಂದು ಹೇಳುತ್ತಿರಲಿಲ್ಲ. ಕುಂದೆಲ್ಲ ಬಾಯಿಯದು.

ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಒಂದು ಪರದೆ. ಪರದೆಯ ಆಚೆ ಅವನ ಹೆಂಡತಿ, ಮತ್ತು ಓದು ಮುಗಿಸಿ ಮನೆಯಲ್ಲಿದ್ದ ಮಗಳು. ಮಗಳು ದಿನವಿಡೀ ಚಿತ್ರ ಬರೆಯುತ್ತಿದ್ದಳು, ಬರೆಯದಿದ್ದಾಗ ವಿಡಿಯೋ ಗೇಮ್ ಆಡುತ್ತಿದ್ದಳು. ಗೇಮುಗಳೊಳಗಿನ ರಾಜರಿಗೆ, ರಾಕ್ಷಸರಿಗೆ, ಸೈನಿಕರಿಗೆ ಬಟ್ಟೆ ಬರೆದುಕೊಡುವುದೇ ತನ್ನ ಉದ್ಯೋಗವಾಗಬೇಕು ಎಂದು ಅವಳ ಆಸೆ. ಇದು ಅವಳ ಸೋದರಮಾವನ ತಲೆಗೆ ಹೋಗುತ್ತಿರಲಿಲ್ಲ.

"ಇಲ್ಲದೇ ಇರೋ ಜನಕ್ಕೆ ಬಟ್ಟೇನಾ? ಇರೋ ಜನಕ್ಕೆ ಹೊಲಿದೇ ನಿಮ್ಮಪ್ಪ ಇಷ್ಟು ಉದ್ಧಾರ ಆಗಿದಾರೆ! ನೋಡು ತಾಯಿ, ನಮ್ಮ ಐಸ್ ಫ್ಯಾಕ್ಟರಿ ಆಫೀಸಲ್ಲಿ ಒಂದು ಕುರ್ಚಿ ಖಾಲಿ ಇದೆ. ತಣ್ಣಗೆ ಕೂತ್ಕೊಂಡು ಕೆಲಸ ಮಾಡು."

ಮಗಳು ಅತ್ತು, ಊಟ ಬಿಟ್ಟು, ಕೊನೆಗೆ ಒಂದು ಒಪ್ಪಂದವಾಯಿತು. ಬೀದಿಯ ಕೊನೆಯ ಸಮುದಾಯ ಭವನದಲ್ಲಿ ವಿಡಿಯೋ ಗೇಮ್ ಮೇಳ ನಡೆಯಲಿತ್ತು. ಗೇಮುಗಳ ಪಾತ್ರದಂತೆ ವೇಷ ಹಾಕುವ ಸ್ಪರ್ಧೆ ಅದರ ಮುಖ್ಯ ಆಕರ್ಷಣೆ. ಎರಡು ವಿಭಾಗ: ಮಾಯಾಲೋಕ ಮತ್ತು ವಿಜ್ಞಾನಲೋಕ. ಮೇಳ ನಡೆಸುವ ಗೇಮ್ ಕಂಪನಿ ಮಾಯಾಲೋಕದ ಹೊಸ ಗೇಮೊಂದನ್ನು ಮಾಡುತ್ತಿದ್ದುದರಿಂದ, ಆ ವಿಭಾಗದಿಂದ ಒಬ್ಬರನ್ನು ಆರಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತದಂತೆ. ಅವರು ಮಗಳನ್ನು ಕರೆದರೆ ಸರಿ. ಕರೆಯದಿದ್ದರೆ ಸೋಮವಾರದಿಂದ ಐಸು.

ಮಗಳು ತಾನೇ ಕಲ್ಪಿಸಿದ ಬೂದಿರಾಣಿ ಎಂಬ ಪಾತ್ರದ ವೇಷ ಹಾಕುವವಳಿದ್ದಳು. ರಾಜ್ಯವೆಲ್ಲ ಸುಟ್ಟುಹೋದ ಮೇಲೆ ಒಬ್ಬಳೇ ಉಳಿದ ರಾಣಿ. ನೆಲ ಮುಟ್ಟುವ ಬೂದುಬಣ್ಣದ ನಿಲುವಂಗಿ, ಬೆನ್ನಿನ ಮೇಲೆ ಅಡ್ಡಡ್ಡ ಪೋಣಿಸಿ ಬಿಗಿದ ಲಾಡಿ. ಚಿತ್ರ ಮಗಳದು, ಹೊಲಿಗೆ ಅಪ್ಪನದು. ಟೇಪಣ್ಣ ಗಿರಾಕಿಗಳ ಪ್ಯಾಂಟುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ಅದನ್ನು ಹೊಲಿಯುತ್ತಿದ್ದ. ಮಗಳು ಐಸ್ ಫ್ಯಾಕ್ಟರಿಗೆ ಹೋಗುವುದು ಅವನಿಗೂ ಬೇಡವಾಗಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಹೆಂಡತಿಯ ಅಣ್ಣನಿಗೆ ಬೇಸರವಾದೀತು ಎಂದು, ಇದೊಂದು ವಿಷಯದಲ್ಲಿ ಮಾತ್ರ ಸುಮ್ಮನಿದ್ದ.

ಇಂಥ ಹೊತ್ತಿನಲ್ಲಿ ಅಧ್ಯಕ್ಷರು ಅಂಗಡಿಗೆ ಬಂದರು.

ಅಧ್ಯಕ್ಷರು ಎಂದರೆ ಸಮುದಾಯ ಭವನದ ಸಮಿತಿಗೆ ಅಧ್ಯಕ್ಷರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅಂಗಡಿಗಳ ತಕ್ಕಡಿಯನ್ನು ತಲೆಕೆಳಗು ಮಾಡಿ, ಅಡಿಯಲ್ಲಿ ಏನಾದರೂ ಅಂಟಿಸಿದ್ದಾರೋ ಎಂದು ಟಾರ್ಚು ಬಿಟ್ಟು ನೋಡುವುದರಲ್ಲೇ ಆಯಸ್ಸು ಕಳೆದಿದ್ದರು. ಈಗಲೂ ಯಾರಾದರೂ ನಮಸ್ಕಾರ ಎಂದರೆ ಆ ನಮಸ್ಕಾರದ ಅಡಿಯಲ್ಲಿ ಏನಿದೆ ಎಂದು ನೋಡುವ ಸ್ವಭಾವ ಹೋಗಿರಲಿಲ್ಲ.

"ಅಲ್ಲಪ್ಪಾ ಟೇಪಣ್ಣ," ಎಂದರು ಅಧ್ಯಕ್ಷರು ಕೈ ಅಗಲಿಸಿ ನಿಂತು. "ಈ ಹುಡುಗರ ಮೇಳ ನನ್ನ ತಲೆ ಕೆಡಿಸ್ತಾ ಇದೆ. ವೇಷ ವಿಂಗಡಿಸೋ ಕೆಲಸ ನಮ್ಮ ಸಮಿತಿಗೆ ಕಟ್ಟಿದಾರೆ. ಒಂದು ಮಾಯಾಲೋಕ ಅಂತೆ, ಇನ್ನೊಂದು ವಿಜ್ಞಾನಲೋಕ ಅಂತೆ. ಯಾವ ವೇಷ ಯಾವುದಕ್ಕೆ ಅಂತ ಗೊತ್ತಾಗೋದು ಹೇಗೆ? ಒಬ್ಬನ್ನ ಕೇಳಿದ್ರೆ 'ಅದು ಫೀಲ್ ಆಗುತ್ತೆ ಸಾರ್' ಅಂದ. ನನ್ನ ಸರ್ವೀಸ್ ಪೂರ್ತಿ ನಾನು ಒಂದು ಕೇಜಿನೂ ಫೀಲ್ ಮಾಡಿದವನಲ್ಲ! ನೋಡಿದ ತಕ್ಷಣ ಇದು ಇಲ್ಲಿಗೆ, ಅದು ಅಲ್ಲಿಗೆ ಅನ್ನೋ ಹಾಗೆ ಒಂದು ನಿಯಮ ಬೇಕು. ನಿನ್ನ ಮಗಳು ಇದರಲ್ಲೇ ಮುಳುಗಿದಾಳಂತೆ. ನಿಂಗೂ ಒಂದಿಷ್ಟು ಗೊತ್ತಿರಬೇಕು."

ಇಲ್ಲಿ ಟೇಪಣ್ಣ 'ಗೊತ್ತಿಲ್ಲ ಸಾರ್' ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಅಧ್ಯಕ್ಷರ ಸೊಂಟದಿಂದ ಟೇಪು ಬಿಡಿಸಿಕೊಂಡು, "ನಾಳೆ ಬನ್ನಿ ಸಾರ್. ಪ್ಯಾಂಟೂ ಆಗಿರುತ್ತೆ, ಉತ್ತರಾನೂ ಆಗಿರುತ್ತೆ," ಎಂದ.

ಸಂಜೆ ಪರದೆ ಸರಿಸಿ ಒಳಗೆ ಬಂದಾಗ ಮಗಳು ಗೇಮ್ ಆಡುತ್ತಿದ್ದಳು. ಟಿವಿಯಲ್ಲಿ ಗಡ್ಡದ ಮುದುಕನೊಬ್ಬ ಕೋಲು ಬೀಸಿ ಬೆಂಕಿ ಉಗುಳಿಸುತ್ತಿದ್ದ. ಟೇಪಣ್ಣ ಪಕ್ಕದಲ್ಲಿ ಕೂತ.

"ಇದು ಮಾಯೆನೋ ವಿಜ್ಞಾನನೋ?"

"ಇದು ಫ್ಯಾಂಟಸಿ ಅಪ್ಪ. ಮಾಯೆ."

"ಮತ್ತೆ ನಿನ್ನೆ ಆಡ್ತಾ ಇದ್ದೆಯಲ್ಲ, ಹೆಲ್ಮೆಟ್ಟಿನವನು ಕೊಳವೆಯಿಂದ ಬೆಂಕಿ ಬಿಡ್ತಿದ್ದ?"

"ಅದು ಸೈನ್ಸ್ ಫಿಕ್ಷನ್."

"ಬೆಂಕಿ ಅದೇ ತಾನೇ?"

"ಬೆಂಕಿ ಅದೇ. ಆದರೆ ಕೊಳವೆಗೆ ಬ್ಯಾಟರಿ ಬೇಕು. ಖಾಲಿ ಆದ್ರೆ ಬೆಂಕಿ ಬರಲ್ಲ. ಅಲ್ಲಿ ಮೂಲೇಲಿ ನೀಲಿ ಪಟ್ಟಿ ಇರುತ್ತಲ್ಲ, ಅದೇ ಬ್ಯಾಟರಿ."

ಟೇಪಣ್ಣ ಟಿವಿಯ ಮೂಲೆ ನೋಡಿದ. "ಈ ಮುದುಕನಿಗೂ ನೀಲಿ ಪಟ್ಟಿ ಇದೆಯಲ್ಲ."

"ಅದು ಮಂತ್ರಶಕ್ತಿ ಅಪ್ಪ."

"ಖಾಲಿ ಆದ್ರೆ?"

"ಬೆಂಕಿ ಬರಲ್ಲ."

"ಮತ್ತೆ?"

"ಮತ್ತೆ ಏನಪ್ಪ?"

"ಎರಡೂ ನೀಲಿ, ಎರಡೂ ಖಾಲಿ ಆಗುತ್ತೆ, ಎರಡಕ್ಕೂ ಬೆಂಕಿ ಬರಲ್ಲ. ಕಂಪನಿಯವರು ಒಂದೇ ಥಾನಿನ ಬಟ್ಟೆ ಹರಿದು ಇಬ್ಬರಿಗೂ ಹೊಲಿದಿದಾರೆ."

ಮಗಳು ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಅಷ್ಟರಲ್ಲಿ ಟಿವಿಯ ಮುದುಕನನ್ನು ಯಾವುದೋ ಪ್ರಾಣಿ ನುಂಗಿಹಾಕಿತು. "ನೋಡು, ನಿನ್ನ ಮಾತು ಕೇಳ್ತಾ ಸತ್ತೇ ಹೋದೆ. ಏಳಪ್ಪ ಇಲ್ಲಿಂದ!"

ಅಡುಗೆಮನೆಯಿಂದ ಹೆಂಡತಿಯ ಧ್ವನಿ ಬಂತು. "ಅಷ್ಟೂ ಗೊತ್ತಾಗಲ್ವೇನ್ರೀ? ಕೆಟ್ಟಾಗ ರಿಪೇರಿಯವನನ್ನ ಕರೆದ್ರೆ ವಿಜ್ಞಾನ. ಶಾಪ ಬಿಡೋವರೆಗೂ ಕಾಯ್ತಾ ಕೂತ್ರೆ ಮಾಯೆ. ನಮ್ಮನೆ ನಲ್ಲಿ ಮಳೆಗಾಲದಿಂದ ಸೋರ್ತಾ ಇದೆ. ಅದು ಯಾವ ಲೋಕದ್ದು ಅಂತ ನೀವೇ ಹೇಳಿ."

ಅಡುಗೆಮನೆಯಿಂದ ಬಂದ ಸಿದ್ಧಾಂತಗಳನ್ನು ಟೇಪಣ್ಣ ಪರಿಗಣಿಸುತ್ತಿರಲಿಲ್ಲ. ಅವನು ಎದ್ದು ಮಗಳು ಗೋಡೆಗೆ ಅಂಟಿಸಿದ್ದ ಚಿತ್ರಗಳ ಮುಂದೆ ನಿಂತ. ಮಂತ್ರವಾದಿಗಳು, ರಾಣಿಯರು, ಬಿಲ್ಲುಗಾರರು ಒಂದು ಕಡೆ. ಆಕಾಶಯಾತ್ರಿಗಳು, ರೋಬೋಟುಗಳು ಇನ್ನೊಂದು ಕಡೆ. ಬೇರೆಯವರು ನೋಡಿದರೆ ಕತ್ತಿ ಕಾಣುತ್ತಿತ್ತು, ಬಂದೂಕು ಕಾಣುತ್ತಿತ್ತು. ಟೇಪಣ್ಣನಿಗೆ ಕಂಡದ್ದು ಬೇರೆ. ಒಬ್ಬ ಮಂತ್ರವಾದಿಯ ಮೈಮೇಲೂ ಜಿಪ್ ಇಲ್ಲ. ಎಲ್ಲರದೂ ಲಾಡಿ, ದಾರ, ಗಂಟು. ಆಕಾಶಯಾತ್ರಿಗಳಿಗೋ, ಹೊಕ್ಕಳಿನಿಂದ ಗಲ್ಲದವರೆಗೆ ಜಿಪ್ಪೇ ಜಿಪ್ಪು. ಅವನಿಗೆ ಟಕ್ಕನೆ ಹೊಳೆಯಿತು. ಆ ಸಂತೋಷಕ್ಕೆ ಅವನು ಎರಡು ಸಲ ಚಹಾ ಕುಡಿದ.

ಮರುದಿನ ಅಧ್ಯಕ್ಷರು ಪ್ಯಾಂಟು ಹಾಕಿ ನೋಡುತ್ತಿದ್ದಾಗ ಟೇಪಣ್ಣ ತನ್ನ ಸಿದ್ಧಾಂತವನ್ನು ಮಂಡಿಸಿದ.

"ಜಿಪ್ ಇದ್ದರೆ ವಿಜ್ಞಾನ, ಲಾಡಿ ಇದ್ದರೆ ಮಾಯೆ. ಇಷ್ಟೇ ಸಾರ್."

ಅಧ್ಯಕ್ಷರು ಪ್ಯಾಂಟಿನ ಒಂದು ಕಾಲಿನಲ್ಲೇ ನಿಂತುಬಿಟ್ಟರು. "ಗುಂಡಿ?"

"ಗುಂಡಿ ಸಾಮಾನ್ಯ ಸಾರ್. ಎರಡೂ ಕಡೆ ಸಲ್ಲುತ್ತೆ."

"ಹುಕ್ಕು?"

"ಹುಕ್ಕು ಮಾಯೆ ಕಡೆಗೇ ವಾಲುತ್ತೆ."

"ಈ ಚರ್ರಂತ ಕಿತ್ತು ಅಂಟಿಸೋ ಪಟ್ಟಿ?"

"ಅದಂತೂ ವಿಜ್ಞಾನದ ಪರಮಾವಧಿ ಸಾರ್."

"ಭಲೇ!" ಎಂದರು ಅಧ್ಯಕ್ಷರು. "ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ನಿಯಮ ಅಂದ್ರೆ ಇದು!" ಕೆಲಸದಲ್ಲಿದ್ದಾಗ ಯಾರನ್ನೂ ಹೊಗಳದ ಮನುಷ್ಯ ಟೇಪಣ್ಣನ ಬೆನ್ನು ತಟ್ಟಿ ಹೋದರು. ಆ ಇಡೀ ದಿನ ಟೇಪಣ್ಣನ ಕಾಲು ಹೊಲಿಗೆ ಯಂತ್ರದ ಮೇಲೆ ನಿಲ್ಲಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಕೇಳದಿದ್ದರೂ ಈ ನಿಯಮ ವಿವರಿಸಿದ.

ಪಕ್ಕದ ಅಂಗಡಿಯ ಕ್ಷೌರಿಕನಿಗೆ ಇದನ್ನು ಸಹಿಸಲಾಗಲಿಲ್ಲ. "ಬಟ್ಟೇಲಿ ಏನಿದೆ ಟೇಪಣ್ಣ? ಇವತ್ತು ಹಾಕ್ತಾರೆ, ನಾಳೆ ಬಿಚ್ತಾರೆ. ಕೂದಲು ನೋಡು. ಗಡ್ಡ ಇದ್ರೆ ಮಾಯೆ, ತಲೆ ಬೋಳಾಗಿದ್ರೆ ವಿಜ್ಞಾನ. ಗಡ್ಡ ಇರೋ ಒಬ್ಬ ರೋಬೋಟ್ ತೋರಿಸು ನೋಡೋಣ!" ಎದುರಿನ ಎಲೆಕ್ಟ್ರಿಷಿಯನ್, "ಸ್ವಿಚ್ ಎಲ್ಲಿದೆ ಅಂತ ನೋಡ್ರಯ್ಯ," ಎಂದು ಏಣಿಯ ಮೇಲಿಂದಲೇ ತೀರ್ಪು ಕೊಟ್ಟ. ಆದರೆ ಅಷ್ಟು ಹೊತ್ತಿಗೆ ಟೇಪಣ್ಣನ ನಿಯಮ ಸಮುದಾಯ ಭವನದ ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಏರಿಬಿಟ್ಟಿತ್ತು. ಕೆಳಗೆ 'ತಜ್ಞರ ಸಲಹೆಯ ಮೇರೆಗೆ' ಎಂದೂ ಬರೆದಿತ್ತು.

ಅಂದು ಊಟಕ್ಕೆ ಕೂತಾಗ ಮಗಳು ಕುದಿಯುತ್ತಾ ಬಂದಳು.

"ಯಾವನೋ ತಲೆ ಕೆಟ್ಟವನು ನಿಯಮ ಮಾಡಿದಾನಮ್ಮ! ಜಿಪ್ ನೋಡಿ ವಿಭಾಗ ಹೇಳ್ತಾರಂತೆ! ಒಂದು ಗೇಮ್ ಕೂಡ ಆಡಿರಲ್ಲ ಆ ಮನುಷ್ಯ!"

ಟೇಪಣ್ಣ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. "ತಜ್ಞರು ಅಂದಮೇಲೆ ಏನಾದ್ರೂ ಯೋಚನೆ ಮಾಡೇ ಇರ್ತಾರೆ," ಎಂದ ಮೆಲ್ಲಗೆ.

"ಏನು ಯೋಚನೆ? ಅಂಥವರ ಕೈಗೆ ಸಿಕ್ಕರೆ ಮಾಯೆನೂ ಹಾಳು, ವಿಜ್ಞಾನನೂ ಹಾಳು."

"ನಮ್ಮದು ಲಾಡಿ ತಾನೇ ಮಗಾ? ನಮಗೇನು ತೊಂದರೆ? ಬಿಡು."

ಹೆಂಡತಿ ನೀರಿನ ಲೋಟ ಗಂಡನ ಮುಂದೆ ಕುಕ್ಕಿದಳು. ಇವಳಿಗೆ ಅಂಗೈ ಹುಣ್ಣು ನೋಡಲು ಕನ್ನಡಿ ಬೇಕಿರಲಿಲ್ಲ. ಆದರೆ ಮಗಳ ಮುಂದೆ ಏನೂ ಅನ್ನಲಿಲ್ಲ. ಟೇಪಣ್ಣ ಅದಕ್ಕಾಗಿ ಅವಳಿಗೆ ಋಣಿಯಾಗಿ ಮರುದಿನವೇ ನಲ್ಲಿ ರಿಪೇರಿ ಮಾಡಿಸಿದ.

ಮೇಳದ ಭಾನುವಾರ ಬಂತು. ಸಮುದಾಯ ಭವನದ ತುಂಬಾ ಜನ. ವೇದಿಕೆಯ ಎಡಕ್ಕೆ ಮಾಯಾಲೋಕದವರ ಕುರ್ಚಿಸಾಲು, ಬಲಕ್ಕೆ ವಿಜ್ಞಾನಲೋಕದವರದು. ಮುಂದಿನ ಸಾಲಿನಲ್ಲಿ ಗೇಮ್ ಕಂಪನಿಯ ಮೇಡಂ, ಅವರ ಪಕ್ಕ ಅಧ್ಯಕ್ಷರು. ಸೋದರಮಾವನೂ ಬಂದಿದ್ದ. ಸೋಮವಾರ ಹೇಗೂ ಕೆಲಸಕ್ಕೆ ಸೇರುವವಳು, ಕೊನೆಯದಾಗಿ ಒಂದು ಸಲ ಕುಣಿದುಕೊಳ್ಳಲಿ ಎಂಬ ಔದಾರ್ಯ ಅವನ ಮುಖದಲ್ಲಿತ್ತು.

ಹಿಂದಿನ ಕೋಣೆಯಲ್ಲಿ ಮಗಳು ಆಚೆ ಕಡೆ ಕಣ್ಣು ಮುಚ್ಚಿಕೊಂಡು ಗೆಳತಿಯ ಕೈಲಿ ಮುಖಕ್ಕೆ ಬೂದುಬಣ್ಣ ಹಚ್ಚಿಸಿಕೊಳ್ಳುತ್ತಿದ್ದಳು. ಈಚೆ ಅಪ್ಪ ಅಮ್ಮ ನಿಲುವಂಗಿಯ ಲಾಡಿ ಪೋಣಿಸುತ್ತಿದ್ದರು. "ಇನ್ನೂ ಸ್ವಲ್ಪ ಬಿಗಿ," ಎಂದ ಟೇಪಣ್ಣ. ಹೆಂಡತಿ ಎಳೆದಳು. "ಇನ್ನೂ." ಅವಳು ಕಾಲು ಕೊಟ್ಟು ಎಳೆದಳು. ಪರ್ ಎಂದಿತು. ಲಾಡಿ ಪೋಣಿಸಿದ್ದ ತೂತುಗಳೆಲ್ಲ ಸಾಲಾಗಿ ಕಿತ್ತು ಬಂದವು.

"ಅಯ್ಯೋ! ಏನ್ರೀ ಮಾಡೋದು?"

"ಕೂಗಬೇಡ, ಮಗು ಹೆದರುತ್ತೆ," ಎಂದ ಟೇಪಣ್ಣ. ಆಮೇಲೆ ಅವನ ತಲೆ ಏನೂ ಯೋಚಿಸಲಿಲ್ಲ. ಯೋಚಿಸಿದ್ದು ಕೈ. ಬೆನ್ನು ಕಿತ್ತುಹೋದ ಬಟ್ಟೆ ಕೈಗೆ ಬಂದಾಗಲೆಲ್ಲ ಆ ಕೈ ಯಾವ ಕೆಲಸ ಮಾಡುತ್ತಿತ್ತೋ ಅದನ್ನೇ ಮಾಡಿತು. ಚೀಲದಿಂದ ಉದ್ದದ ಜಿಪ್ ತೆಗೆಯಿತು, ಕಿತ್ತ ಅಂಚು ಒಳಗೆ ಮಡಚಿತು, ಸೂಜಿ ಹಿಡಿದು ಸರಸರ ಹೊಲಿಯಿತು. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರು ಎನ್ನುತ್ತಾರಲ್ಲ, ಹಾಗೆ. ಉಳಿದ ಲಾಡಿಯ ತುಂಡೊಂದನ್ನು ಜಿಪ್ಪಿನ ನಾಲಿಗೆಗೆ ಕಟ್ಟಿ ಇಳಿಬಿಟ್ಟ. ಬೆನ್ನಿನ ಜಿಪ್ ಕೈಗೆಟುಕುವುದಿಲ್ಲ ಎಂದು ಗಿರಾಕಿಗಳು ದೂರುತ್ತಿದ್ದುದರಿಂದ ಅವನು ಯಾವಾಗಲೂ ಹಾಗೆಯೇ ಮಾಡುತ್ತಿದ್ದ.

"ನಿಮ್ಮ ಕೈಗೆ ಸಾಟಿ ಇಲ್ಲ ಬಿಡಿ," ಎಂದಳು ಹೆಂಡತಿ ನಿಟ್ಟುಸಿರು ಬಿಟ್ಟು. ಆ ಮಾತು ಕೇಳಿ ಬಹಳ ಕಾಲವಾಗಿತ್ತು. ಮಗಳು ಬಂದು ತನ್ನ ಬಟ್ಟೆಯ ಮೇಲೇ ನಿಲುವಂಗಿ ತೊಟ್ಟಳು, ಅಮ್ಮ ಹಿಂದಿನಿಂದ ಸರ್ರನೆ ಅರ್ಧಕ್ಕೆ ಎಳೆದಳು, ಅಷ್ಟರಲ್ಲೇ ಹೆಸರು ಕೂಗಿದರು, ಮಗಳು ಓಡಿದಳು. ಗಂಡ ಹೆಂಡತಿ ಹೋಗಿ ಕೊನೆಯ ಸಾಲಿನಲ್ಲಿ ಕೂತರು. ಟೇಪಣ್ಣ ಕಾಲು ಚಾಚಿ, ಪಕ್ಕದವನಿಗೆ "ಅದು ನನ್ನ ಮಗಳು," ಎಂದ.

ಅಷ್ಟರಲ್ಲಿ ಅಧ್ಯಕ್ಷರು ಜೇಬಿನಿಂದ ಟಾರ್ಚು ತೆಗೆದು ವೇದಿಕೆ ಹತ್ತಿದರು. ಆಗ ಟೇಪಣ್ಣನಿಗೆ ನೆನಪಾಯಿತು.

"ಏನ್ರೀ, ಯಾಕೆ ಹೀಗೆ ಬೆವರ್ತಾ ಇದೀರಿ?"

"ಜಿಪ್," ಎಂದ ಟೇಪಣ್ಣ. ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಮೊದಲು ಸಿಕ್ಕಿದ್ದು ರೋಬೋಟು. ರಟ್ಟಿನ ಪೆಟ್ಟಿಗೆಗಳಿಗೆ ಬೆಳ್ಳಿಬಣ್ಣ ಬಳಿದುಕೊಂಡಿದ್ದ ಹುಡುಗ. ಅಧ್ಯಕ್ಷರು ಸುತ್ತ ಟಾರ್ಚು ಬಿಟ್ಟು ನೋಡಿದರು. ಪೆಟ್ಟಿಗೆಗಳನ್ನೆಲ್ಲ ಅವನು ಲಾಡಿಯಲ್ಲಿ ಕಟ್ಟಿಕೊಂಡಿದ್ದ. "ಲಾಡಿ! ಎಡಕ್ಕೆ ನಡಿ. ಮಾಯಾಲೋಕ."

"ಸಾರ್, ನಾನು ರೋಬೋಟು!"

"ಅದು ನಿನ್ನ ಅಭಿಪ್ರಾಯ."

ಎರಡನೆಯದು ಡ್ರ್ಯಾಗನ್. ಬಾಲ ಎಳೆದುಕೊಂಡು ಬಂತು. ಹೊಟ್ಟೆಯ ಮೇಲಿಂದ ಕೆಳಗೆ ದೊಡ್ಡ ಜಿಪ್. "ಬಲಕ್ಕೆ. ವಿಜ್ಞಾನ."

"ಸಾರ್, ಜಿಪ್ ಇಲ್ಲದಿದ್ರೆ ಬಾತ್ರೂಮಿಗೆ ಹೋಗೋದು ಹೇಗೆ ಸಾರ್?" ಎಂದಿತು ಡ್ರ್ಯಾಗನ್ ಅಳುವ ಧ್ವನಿಯಲ್ಲಿ.

"ಅದೇ ವಿಜ್ಞಾನ ಕಣಯ್ಯ. ನಡಿ."

ಮೂರನೆಯವನು ಮಂತ್ರವಾದಿ. ನಿಲುವಂಗಿಗೆ ಜಿಪ್ಪೂ ಇಲ್ಲ, ಲಾಡಿಯೂ ಇಲ್ಲ. ಅಧ್ಯಕ್ಷರು ಒಳಗೆ ಟಾರ್ಚು ಬಿಟ್ಟರು. ಒಳಗೆ ಜೀನ್ಸ್ ಪ್ಯಾಂಟಿತ್ತು. ಒಳಗಿನದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಸಭೆಯಲ್ಲಿ ಗುಸುಗುಸು ಎದ್ದಿತು. "ನಾನು ಅವತ್ತೇ ಬಡ್ಕೊಂಡೆ, ಗಡ್ಡ ನೋಡಿ ಅಂತ!" ಎನ್ನುತ್ತಾ ಕ್ಷೌರಿಕ ವೇದಿಕೆಗೆ ನುಗ್ಗಿ ಸಾಕ್ಷಿಗಾಗಿ ಗಡ್ಡ ಹಿಡಿದು ಜಗ್ಗಿದ. ಗಡ್ಡ ಅವನ ಕೈಗೇ ಬಂತು. ಮಂತ್ರವಾದಿ ಬೋಳುಗಲ್ಲದಲ್ಲಿ ಕಕ್ಕಾಬಿಕ್ಕಿಯಾಗಿ ನಿಂತ. ಕ್ಷೌರಿಕ ತನ್ನ ಸಿದ್ಧಾಂತವನ್ನೂ ಗಡ್ಡವನ್ನೂ ಅಲ್ಲೇ ಬಿಟ್ಟು ಕೆಳಗಿಳಿದ.

ಸ್ವಲ್ಪ ಹೊತ್ತಿನಲ್ಲಿ ಮಾಯಾಲೋಕದ ಸಾಲಿನಲ್ಲಿ ರೋಬೋಟುಗಳು, ಬೂಟಿಗೆ ಲಾಡಿ ಕಟ್ಟಿದ್ದ ಆಕಾಶಯಾತ್ರಿಗಳು. ವಿಜ್ಞಾನಲೋಕದ ಸಾಲಿನಲ್ಲಿ ಡ್ರ್ಯಾಗನ್, ಎರಡು ದೆವ್ವ, ಒಬ್ಬ ಮಂತ್ರವಾದಿ. ಅಧ್ಯಕ್ಷರಿಗೆ ಮಾತ್ರ ತಕ್ಕಡಿ ಸರಿಯಾಗಿ ತೂಗಿದ ಸಮಾಧಾನ. ಕಂಪನಿಯ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಬೂದಿರಾಣಿಯ ಸರದಿ ಬಂತು. ಮಗಳು ತಲೆ ಎತ್ತಿ ನಡೆದು ಬಂದಾಗ ಸಭೆ ನಿಜಕ್ಕೂ ಸುಮ್ಮನಾಯಿತು. ಅಷ್ಟು ಚೆನ್ನಾಗಿತ್ತು. ಅಧ್ಯಕ್ಷರು ಹಿಂದೆ ಹೋಗಿ ಟಾರ್ಚು ಬಿಟ್ಟರು.

"ಜಿಪ್. ಬಲಕ್ಕೆ."

"ಜಿಪ್ಪಾ? ಸಾಧ್ಯನೇ ಇಲ್ಲ ಸಾರ್. ನನ್ನದು ಲಾಡಿ!" ಮಗಳು ಬೆನ್ನು ಮುಟ್ಟಿ ನೋಡಿಕೊಂಡಳು. ಮುಖದ ಬಣ್ಣದ ಕೆಳಗೆ ಮುಖವೂ ಬೂದಿಯಾಗಿತ್ತು. ಎಡಗಡೆಯ ಸಾಲು ತಪ್ಪಿದರೆ ಕೆಲಸ ತಪ್ಪಿದಂತೆ ಎಂದು ಅವಳಿಗೆ ಗೊತ್ತಿತ್ತು, ಅವಳ ಅಪ್ಪನಿಗೆ ಗೊತ್ತಿತ್ತು. ಸೋದರಮಾವನಿಗೂ ಗೊತ್ತಿತ್ತು, ಅವನು ಆಗಲೇ ಯಾರಿಗೋ ಫೋನ್ ಮಾಡಿ ಕುರ್ಚಿ ಒರೆಸಿಡಲು ಹೇಳುತ್ತಿದ್ದ.

ಮೇಡಂ ಎದ್ದು ನಿಂತರು. "ಅಧ್ಯಕ್ಷರೇ, ಈ ನಿಯಮ ಯಾರು ಮಾಡಿದ್ದು?"

"ತಜ್ಞರು ಮೇಡಂ."

"ಯಾವ ತಜ್ಞರು?"

"ಇಲ್ಲೇ ಇದಾರಲ್ಲ. ಅಗೋ, ಕೊನೇ ಸಾಲಲ್ಲಿ."

ಇಡೀ ಸಭೆ ಹಿಂತಿರುಗಿತು. ಟೇಪಣ್ಣನೂ ಹಿಂತಿರುಗಿ ನೋಡಿದ. ಹಿಂದೆ ಗೋಡೆ ಮಾತ್ರ ಇತ್ತು.

"ಅಪ್ಪಾ," ಎಂದಳು ಮಗಳು ವೇದಿಕೆಯಿಂದ. "ನೀನಾ?"

ಟೇಪಣ್ಣ ಎದ್ದ. ಕುರ್ಚಿಗಳ ನಡುವೆ ನಡೆದು ವೇದಿಕೆಯ ಕೆಳಗೆ ಬಂದು ನಿಂತ. ಬೇರೆ ಯಾವ ಹೊತ್ತಿನಲ್ಲಾದರೂ ಇಷ್ಟು ಜನ ತನ್ನನ್ನೇ ನೋಡಿದ್ದರೆ ಅವನು ಭಾಷಣ ಮಾಡುತ್ತಿದ್ದ.

"ನಂಗೆ ಗೊತ್ತಿಲ್ಲ ಮೇಡಂ," ಎಂದ. "ಮಾಯೆ ಎಲ್ಲಿ ಮುಗಿಯುತ್ತೆ, ವಿಜ್ಞಾನ ಎಲ್ಲಿ ಶುರುವಾಗುತ್ತೆ, ನಂಗೆ ಏನೇನೂ ಗೊತ್ತಿಲ್ಲ. ಸುಮ್ಮನೆ ಬಾಯಿಗೆ ಬಂದಿದ್ದು ಹೇಳಿದೆ. ಲಾಡಿ ಕಿತ್ತುಹೋಯ್ತು, ಜಿಪ್ ಹಾಕಿದೆ. ಅವಳಿಗೆ ಹೇಳೂ ಇಲ್ಲ. ಎಲ್ಲಾ ನನ್ನದೇ ತಪ್ಪು, ಮಗುವಿನದು ಏನೂ ಇಲ್ಲ. ಆ ನಿಯಮ ತೆಗೆದುಹಾಕಿಬಿಡಿ ಸಾರ್."

"ಅದು ಹೇಗಾಗುತ್ತೆ?" ಎಂದರು ಅಧ್ಯಕ್ಷರು. "ಅಂಗಡಿಯವನು ಅತ್ತ ಅಂತ ತೂಕದ ಕಲ್ಲು ಕರಗುತ್ತೇನಯ್ಯ?"

ಮೇಡಂ ಮಗಳ ಕಡೆ ತಿರುಗಿದರು. "ನೀವು ಹೇಳಿಯಮ್ಮ. ನಿಮ್ಮ ರಾಣಿಯ ರಾಜ್ಯದಲ್ಲಿ ಮಂತ್ರ ಇದೆ, ಕತ್ತಿ ಇದೆ. ಅಲ್ಲಿಗೆ ಜಿಪ್ ಎಲ್ಲಿಂದ ಬಂತು?"

ಮಗಳಿಗೆ ಸಿಟ್ಟು ಬಂದಿತ್ತು. ಅಪ್ಪನ ಮೇಲೆ, ಟಾರ್ಚಿನ ಮೇಲೆ, ಐಸಿನ ಮೇಲೆ. ಸಿಟ್ಟಿನಲ್ಲೇ ಶುರುಮಾಡಿದಳು.

"ಬೆನ್ನಿಗೆ ಲಾಡಿ ಇದೆ ಅಂದ್ರೆ ಅದನ್ನ ಕಟ್ಟೋಕೆ ಇನ್ನೊಬ್ಬರಿದಾರೆ ಅಂತ ಮೇಡಂ. ರಾಣಿಗೆ ಆಳುಗಳಿದ್ದಾಗ ಲಾಡಿ ಇತ್ತು. ಮಂತ್ರನೂ ಇತ್ತು, ಹಾಕೋರೂ ಇದ್ರು. ಎಲ್ಲಾ ಸುಟ್ಟುಹೋಯ್ತು. ಈಗ ಬೆಳಿಗ್ಗೆ ಎದ್ದರೆ ಅವಳೊಬ್ಬಳೇ. ಬೆನ್ನು ಕೈಗೆಟುಕಲ್ಲ. ಅವಳನ್ನ ಬಿಟ್ಟರೆ ಊರಲ್ಲಿ ಉಳಿದಿರೋದು ಒಬ್ಬ ದರ್ಜಿ. ಮಹಾ ಬಾಯಿಬಡುಕ. ಯಾರೂ ಕೇಳದೇ ಇರೋದಕ್ಕೆಲ್ಲ ಉತ್ತರ ಹೇಳ್ತಾನೆ. ಅವನಿಗೆ ಮಂತ್ರ ಬರಲ್ಲ. ಆದರೆ ಇನ್ಮೇಲೆ ಎಲ್ಲಿಗೆ ಹೋದ್ರೂ ಇವಳು ಒಬ್ಬಳೇ ಹೋಗಬೇಕಲ್ಲಾ ಅಂತ ಕೂತು ಕೂತು ಒಂದು ಉಪಾಯ ಮಾಡ್ತಾನೆ." ಮಾತಿನ ನಡುವೆ ಬೆನ್ನು ತಡಕಿದ ಅವಳ ಕೈಗೆ ಜಿಪ್ಪಿನ ನಾಲಿಗೆಗೆ ಕಟ್ಟಿದ್ದ ಲಾಡಿ ಸಿಕ್ಕಿತು. ಏನಿದು ಎಂದು ಅವಳು ಒಂದು ಗಳಿಗೆ ತಡೆದಳು. ಆಮೇಲೆ ಲಾಡಿಯನ್ನು ಭುಜದ ಮೇಲಿಂದ ಮುಂದಕ್ಕೆ ತಂದು ಜೋರಾಗಿ ಜಗ್ಗಿದಳು. ಜಿಪ್ ಸರ್ರನೆ ಕುತ್ತಿಗೆಯವರೆಗೆ ಏರಿತು. "ನೋಡಿ. ತನ್ನ ಬಟ್ಟೆ ತಾನೇ ಹಾಕ್ಕೊಂಡ್ಳು. ಫ್ಯಾಂಟಸಿ ಇಲ್ಲಿಗೆ ಮುಗೀತು ಮೇಡಂ. ಇಲ್ಲಿಂದ ಸೈನ್ಸ್ ಫಿಕ್ಷನ್."

ಅಧ್ಯಕ್ಷರು ಟಾರ್ಚು ಹಿಡಿದುಕೊಂಡೇ ಬೆವರಿದರು. "ಲಾಡಿಯೂ ಇದೆ, ಜಿಪ್ಪೂ ಇದೆ. ಲಾಡಿ ಎಳೆದ್ರೆ ಜಿಪ್ ಬರುತ್ತೆ. ಈಗ ಈ ಹುಡುಗೀನ ಎಲ್ಲಿ ಕೂರಿಸಲಿ?"

"ನಡುವೆ ಒಂದು ಕುರ್ಚಿ ಹಾಕಿಸಿ," ಎಂದರು ಮೇಡಂ.

ಬಹುಮಾನಗಳನ್ನು ಅಧ್ಯಕ್ಷರು ನಿಯಮದ ಪ್ರಕಾರವೇ ಕೊಟ್ಟರು. ಮಾಯಾಲೋಕದ ಬಹುಮಾನ ರೋಬೋಟಿಗೆ ಹೋಯಿತು, ವಿಜ್ಞಾನಲೋಕದ್ದು ಡ್ರ್ಯಾಗನ್ನಿಗೆ. ನಡುವಿನ ಕುರ್ಚಿಗೆ ಬಹುಮಾನ ಇರಲಿಲ್ಲ. ಆದರೆ ಇಳಿಯುವಾಗ ಮೇಡಂ ಮಗಳನ್ನು ಕರೆದು, "ಸೋಮವಾರ ಬೆಳಿಗ್ಗೆ ಬನ್ನಿ. ಆ ದರ್ಜಿಯನ್ನೂ ಬರೆದುಕೊಂಡು ಬನ್ನಿ, ನಮ್ಮ ಗೇಮಿಗೆ ಬೇಕು," ಎಂದರು.

ಸೋದರಮಾವ ಬಾಗಿಲಲ್ಲಿ ಟೇಪಣ್ಣನನ್ನು ಹಿಡಿದ. "ಭಾವ, ಅವಳಿಗೆ ಕೆಲಸ ಆಯ್ತು ಅಂತಾರಲ್ಲ, ನಿಜವಾ? ಆ ಜನ ಇಲ್ಲವೇ ಇಲ್ಲ ಅಂದಮೇಲೆ ಅಳತೆ ಯಾರು ಕೊಡ್ತಾರೆ?"

ಟೇಪಣ್ಣ ಬಾಯಿ ತೆರೆದ, ಮತ್ತೆ ಮುಚ್ಚಿದ. ಸೋದರಮಾವ ಗಾಬರಿಯಾಗಿ, "ಮೈ ಹುಷಾರಾಗಿದೆ ತಾನೇ?" ಎಂದು ಕೇಳಿದ.

ಮನೆಗೆ ಬರುವವರೆಗೂ ಮಗಳು ಅಪ್ಪನ ಜೊತೆ ಮಾತಾಡಲಿಲ್ಲ. ಅಮ್ಮನ ಪಕ್ಕ ನಡೆದಳು. ಟೇಪಣ್ಣ ಹಿಂದೆ ಹಿಂದೆ ಬಂದ. ಬೀದಿಯಲ್ಲಿ ಸಿಕ್ಕವರೆಲ್ಲ ಮಗಳಿಗೆ ಶಭಾಷ್ ಎಂದರು, ಇವನನ್ನು ನೋಡಿ ನಕ್ಕರು. ಅವನಿಗೆ ಸಂತೋಷವೂ ಆಗಿತ್ತು, ನೋವೂ ಆಗಿತ್ತು. ಬಾಯಿಬಡುಕ ಎಂದು ಹೆಂಡತಿ ದಿನಾ ಅನ್ನುತ್ತಿದ್ದಳು. ಮಗಳ ಬಾಯಲ್ಲಿ, ಅಷ್ಟು ಜನರ ಮುಂದೆ, ಅದು ಬೇರೆಯಾಗಿಯೇ ಕೇಳಿಸಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಸುಮ್ಮನೆ ಕತ್ತರಿ ಒರೆಸತೊಡಗಿದ.

ಒಳಗಿನಿಂದ ಹೆಂಡತಿ ಕೂಗಿದಳು. "ರೀ, ಬನ್ನಿ ಇಲ್ಲಿ. ವೇದಿಕೆ ಮೇಲೆ ಜಗ್ಗಿದಳಲ್ಲ, ಬಟ್ಟೆ ಸಿಕ್ಕಾಕ್ಕೊಂಡು ಜಿಪ್ ಕೆಳಗೆ ಬರ್ತಾ ಇಲ್ಲ. ನನ್ನ ಕೈಲಿ ಆಗಲ್ಲ."

ಟೇಪಣ್ಣ ಕನ್ನಡಕ ಏರಿಸಿ, ಒಂದು ಮೇಣದ ತುಂಡು ಹಿಡಿದು ಹೋದ. ಮಗಳು ಬೆನ್ನು ತಿರುಗಿಸಿ ನಿಂತಳು. ಅವನು ಬಗ್ಗಿ ನೋಡಿದ. ಒಳಗಿನ ಬಟ್ಟೆಯ ಅಂಚು ಹಲ್ಲಿಗೆ ಕಚ್ಚಿಕೊಂಡಿತ್ತು. ಮೇಣ ಉಜ್ಜಿದ.

"ಎಲ್ಲರ ಮುಂದೆ ಗೊತ್ತಿಲ್ಲ ಅಂದುಬಿಟ್ಟೆಯಲ್ಲ," ಎಂದಳು ಮಗಳು ಗೋಡೆ ನೋಡುತ್ತಾ.

"ಮತ್ತೇನು ಮಾಡಲಿ ಮಗಾ, ಗೊತ್ತಿರಲಿಲ್ಲ."

"ಗೊತ್ತಿಲ್ಲದೇ ಇದ್ದಿದ್ದು ಎಷ್ಟೋ ಇತ್ತು, ಯಾವತ್ತಾದ್ರೂ ಹಾಗಂದಿದ್ಯಾ? ನಂಗೆ ಅಲ್ಲೇ ಅಳು ಬಂತು. ಬಣ್ಣ ಹೋಗುತ್ತೆ ಅಂತ ತಡ್ಕೊಂಡೆ."

ಟೇಪಣ್ಣನ ಕನ್ನಡಕ ಮಂಜಾಯಿತು. ಜಿಪ್ ಆಗಲೇ ಬಿಟ್ಟುಕೊಂಡಿತ್ತು, ಒಂದು ಬೆರಳಲ್ಲಿ ಎಳೆದರೆ ಕೆಳಗೆ ಬರುತ್ತಿತ್ತು. ಹೆಂಡತಿ ಪಕ್ಕದಲ್ಲೇ ನಿಂತು ಅದನ್ನು ನೋಡಿದಳು. ನೋಡಿ, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಒಳಗೆ ಹೋದಳು.

"ಅಪ್ಪ, ಆ ದರ್ಜೀನ ಬರೀಬೇಕಲ್ಲ, ಅವನು ಮಂಡಿಯೂರಿ ಕೂತು ಹೊಲೀತಾನೋ, ನಿಂತ್ಕೊಂಡೋ? ದಾರ ಎಲ್ಲಿ ಇಟ್ಕೊತಾನೆ?"

ಟೇಪಣ್ಣ ಹೇಳತೊಡಗಿದ. ದಾರದ ವಿಷಯ, ಸೂಜಿಯ ವಿಷಯ, ಮೂಗಿನ ತುದಿಗೆ ಜಾರುವ ಕನ್ನಡಕದ ವಿಷಯ. ಮಗಳು ನಡುನಡುವೆ ಹೂಂ ಅಂದಳು, ಒಂದೆರಡು ಸಲ ನಕ್ಕಳು.

"ಬಂತಾ ಅಪ್ಪ?"

"ಇಲ್ಲ ಮಗಾ, ಅಲ್ಲಾಡಬೇಡ," ಎಂದ ಟೇಪಣ್ಣ ಜಿಪ್ಪಿನ ಮೇಲೆ ಕೈಯಿಟ್ಟುಕೊಂಡು. "ಇನ್ನೂ ಸ್ವಲ್ಪ ಹೊತ್ತಾಗುತ್ತೆ."